ಬಾಲ್ಕನಿಯಲ್ಲಿ ಪುಟಾಣಿ ಟೊಮೆಟೊ: ಬೆಳೆಸುವುದು, ಕ್ರಾಸ್ ಮಾಡುವುದು, ಹೊಸ ತಳಿ ಆರಿಸುವುದು – ಸಮಗ್ರ ಮಾರ್ಗದರ್ಶಿ

ಪುಟಾಣಿ ಟೊಮೆಟೊ ಅಂದರೆ ಗಿಡವೇ ಗಿಡ್ಡವಾಗಿರುವ ತಳಿಗಳು. ಕ್ರಾಸ್ ಅಂದರೆ ಒಂದು ತಳಿಯ (ತಂದೆ) ಪರಾಗವನ್ನು ಇನ್ನೊಂದು ತಳಿಯ (ತಾಯಿ) ಹೂವಿಗೆ ಹಾಕಿ ಬೆರೆಸುವುದು. ಹಾಗೆ ಕ್ರಾಸ್ ಮಾಡಲು ಹೋದವರು ಹೇಳುವ ತೊಂದರೆ ಹೆಚ್ಚುಕಮ್ಮಿ ಒಂದೇ. ಕಾಯಿ ಕಚ್ಚುತ್ತದೆ, ಹಣ್ಣಾಗುತ್ತದೆ, ಬೀಜವೂ ಸಿಗುತ್ತದೆ. ಅದನ್ನು ಬಿತ್ತಿ ಮೂರು ತಿಂಗಳು ಕಾದರೆ ಬರುವುದು ತಾಯಿ ಗಿಡದ ತದ್ರೂಪು. ಅಪ್ಪನ ಗುರುತೇ ಇಲ್ಲ.

ಕಾರಣ ಸರಳ. ಟೊಮೆಟೊ ಹೂ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ. ಹೂ ಪೂರ್ತಿ ಅರಳಿ ನಿಮ್ಮ ಕಣ್ಣಿಗೆ ಚೆಂದ ಕಾಣುವಷ್ಟರಲ್ಲಿ ಒಳಗಿನ ಕೆಲಸ ಮುಗಿದಿರುತ್ತದೆ, ಆಮೇಲೆ ನೀವು ಬ್ರಷ್ಷಿನಲ್ಲಿ ಎಷ್ಟು ಪರಾಗ ಸವರಿದರೂ ಪ್ರಯೋಜನವಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಕೈಚಳಕಕ್ಕಿಂತ ಕ್ರಮ ಮುಖ್ಯ. ಯಾವುದು ತಾಯಿ, ಯಾವುದು ತಂದೆ, ಕ್ರಾಸ್ ನಿಜವಾಗಿ ಆಗಿದೆಯೋ ಇಲ್ಲವೋ ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು, ಇಷ್ಟನ್ನೂ ಬೀಜ ಬಿತ್ತುವ ಮುಂಚೆಯೇ ತೀರ್ಮಾನಿಸಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

ಹಂತ 1: ಜೋಡಿ ಆರಿಸುವುದು

ಪುಟಾಣಿ ತಳಿಗಳಲ್ಲಿ ಬೀಜ ಸುಲಭವಾಗಿ ಸಿಗುವುದು ಮೈಕ್ರೋ ಟಾಮ್, ಟೈನಿ ಟಿಮ್, ರೆಡ್ ರಾಬಿನ್, ಆರೆಂಜ್ ಹ್ಯಾಟ್ ಇಂಥವು. ಮೈಕ್ರೋ ಟಾಮ್ ಸಾಮಾನ್ಯವಾಗಿ 15–20 ಸೆಂಟಿಮೀಟರ್ ಎತ್ತರಕ್ಕೇ ನಿಂತುಬಿಡುತ್ತದೆ. ಉಳಿದವು ಅದಕ್ಕಿಂತ ಸ್ವಲ್ಪ ಎತ್ತರ.

ಈ ಗಿಡಗಳು ಗಿಡ್ಡ ಆಗಿರುವುದಕ್ಕೆ ಒಂದೇ ಕಾರಣ ಇಲ್ಲ. ಕಾಂಡದ ಗಿಣ್ಣುಗಳ ನಡುವಿನ ಅಂತರ ಕುಗ್ಗಿಸಿ, ಎಲೆಯನ್ನು ದಪ್ಪ ಮಾಡಿ ಸುಕ್ಕುಗಟ್ಟಿಸುವ ಒಂದು ಜೀನ್ ಇದೆ. ಒಂದಷ್ಟು ಗೊಂಚಲು ಬಿಟ್ಟ ಮೇಲೆ ಗಿಡದ ಬೆಳವಣಿಗೆ ನಿಲ್ಲಿಸುವ ಜೀನ್ ಇನ್ನೊಂದು. ಇವೆರಡರ ಮೇಲೆ ಇನ್ನೂ ಒಂದೆರಡು ಜೀನ್ ಸೇರಿದರೆ ಅಂಗೈ ಮೇಲಿಡುವಂಥ ಗಿಡ. ಮೊದಲ ಎರಡೂ ದುರ್ಬಲ ಗುಣಗಳು. ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಗಿಡದಲ್ಲಿ ಕಾಣುತ್ತವೆ.

ಇದನ್ನೇ ನಾವು ಉಪಯೋಗಕ್ಕೆ ತಗೋಬೇಕು. ನಿಯಮ ಇಷ್ಟೇ: ದುರ್ಬಲ ಗುಣ ಇರುವ ಗಿಡ ಯಾವಾಗಲೂ ತಾಯಿ. ಗಿಡ್ಡ ತಾಯಿಗೆ ಎತ್ತರದ ತಂದೆಯ ಪರಾಗ ಹಾಕಿದರೆ, ಕ್ರಾಸ್ ಆದ ಬೀಜದಿಂದ ಎತ್ತರದ ಸಸಿ ಬರುತ್ತದೆ, ಆಗದೆ ತಾಯಿಯ ಸ್ವಂತ ಪರಾಗದಿಂದ ಬಂದ ಬೀಜದಿಂದ ಗಿಡ್ಡ ಸಸಿ ಬರುತ್ತದೆ. ಸಸಿಗೆ ಎರಡು ನಿಜ ಎಲೆ (ಮೊಳಕೆಯ ಮೊದಲ ಜೋಡಿ ಎಲೆಯ ನಂತರ ಬರುವವು) ಬಂದಾಗಲೇ ಗೊತ್ತಾಗುತ್ತದೆ. ಮೂರು ತಿಂಗಳು ಕಾಯಬೇಕಿಲ್ಲ. ಉಲ್ಟಾ ಮಾಡಿ ಎತ್ತರದ ಗಿಡವನ್ನು ತಾಯಿ ಮಾಡಿದರೆ, ಕ್ರಾಸ್ ಆದರೂ ಎತ್ತರ, ಆಗದಿದ್ದರೂ ಎತ್ತರ. ಏನೂ ತಿಳಿಯುವುದಿಲ್ಲ. ದೊಡ್ಡ ಹೂವಿನಲ್ಲಿ ಕೆಲಸ ಸುಲಭ ಅಂತ ಬಹಳ ಜನ ದೊಡ್ಡ ಗಿಡವನ್ನೇ ತಾಯಿ ಮಾಡುತ್ತಾರೆ. ಆ ಆಸೆ ಬಿಡಿ.

ಎರಡೂ ಪುಟಾಣಿಗಳೇ ಆದರೆ ಹಣ್ಣಿನ ಬಣ್ಣ ನೋಡಿ. ಹಳದಿ ತಿರುಳು ದುರ್ಬಲ, ಕೆಂಪು ಪ್ರಬಲ. ಹಳದಿ ಹಣ್ಣಿನ ಗಿಡ ತಾಯಿ, ಕೆಂಪು ಹಣ್ಣಿನದು ತಂದೆ ಆಗಲಿ. ಮುಂದಿನ ತಲೆಮಾರಿನಲ್ಲಿ ಕೆಂಪು ಹಣ್ಣು ಬಂದರೆ ಕ್ರಾಸ್ ಆಗಿದೆ ಅಂತ ಅರ್ಥ. ಇದಕ್ಕೆ ಹಣ್ಣಾಗುವವರೆಗೆ ಕಾಯಬೇಕು ನಿಜ, ಆದರೆ ಎಲ್ಲ ಮಕ್ಕಳೂ ಗಿಡ್ಡವೇ ಆಗಿರುತ್ತವೆ, ಸಣ್ಣ ಬಾಲ್ಕನಿಯವರಿಗೆ ಇದೇ ಒಳ್ಳೆಯದು. ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡಿ ಅಂತ ನನ್ನ ಸಲಹೆ.

ಎತ್ತರದ ತಂದೆ ಬೇಕು ಅನ್ನುವವರಿಗೆ ನಮ್ಮೂರು ಬೆಂಗಳೂರಿನಲ್ಲೇ ಒಳ್ಳೆಯ ತಳಿಗಳಿವೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ವಿಕಾಸ್, ಅರ್ಕಾ ಸೌರಭ್ ಸ್ಥಿರವಾದ ತಳಿಗಳು, ಬೀಜ ಬಿತ್ತಿದರೆ ಅದೇ ಥರದ ಗಿಡ ಬರುತ್ತದೆ. ಅರ್ಕಾ ರಕ್ಷಕ್‌ಗೆ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಇದೆ, ಆದರೆ ಅದು ಹೈಬ್ರಿಡ್, ಅಂದರೆ ಬೇರೆ ಬೇರೆ ತಳಿ ಬೆರೆಸಿದ್ದು. ಅದರ ಪರಾಗದ ಒಂದೊಂದು ಕಣವೂ ಬೇರೆ ಬೇರೆ ಗುಣ ಹೊತ್ತಿರುತ್ತದೆ, ಹಾಗಾಗಿ ಮೊದಲ ತಲೆಮಾರಿನ ಗಿಡಗಳೇ ಒಂದರಂತೆ ಒಂದು ಇರುವುದಿಲ್ಲ. ಮೊದಲ ಪ್ರಯತ್ನಕ್ಕೆ ಬೇಡ. ಅಂಗಡಿಯಲ್ಲಿ ಸಿಗುವ ಚೆರ್ರಿ ಟೊಮೆಟೊ ಹಣ್ಣಿನ ಬೀಜಕ್ಕೂ ಇದೇ ಮಾತು, ಅವು ಬಹುಪಾಲು ಹೈಬ್ರಿಡ್ ಹಣ್ಣುಗಳೇ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಮೊನಚು ತುದಿಯ ಚಿಮಟ ಬೇಕೇ ಬೇಕು. ಹುಬ್ಬು ಕೀಳುವ ಚಿಮಟ ಆಗುವುದಿಲ್ಲ, ಅದರ ತುದಿ ಅಗಲ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೊಬೈಲ್ ರಿಪೇರಿಯವರು ಬಳಸುವ ಸೂಜಿಮೊನೆಯ ಚಿಮಟ ಸಿಗುತ್ತದೆ, ಅದನ್ನು ತನ್ನಿ. ತಲೆಗೆ ಹಾಕಿಕೊಳ್ಳುವ ಭೂತಗನ್ನಡಿ ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ. ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಷ್ ಒಂದು, ಕಪ್ಪು ಕಾಗದ, ಬಣ್ಣದ ದಾರ, ಪುಟ್ಟ ಮುಚ್ಚಳದ ಡಬ್ಬಿಗಳು, ಸ್ಯಾನಿಟೈಸರ್, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳು. ಹೂವಿಗೆ ಮುಚ್ಚಲು ತೆಳು ಜಾಲರಿಯ ಚಿಕ್ಕ ಚೀಲ, ಮದುವೆ ಮನೆಯಲ್ಲಿ ಉಡುಗೊರೆ ಹಾಕಿಕೊಡುತ್ತಾರಲ್ಲ, ಅಂಥದ್ದು ಸಾಕು.

ಹೆಸರು ಬರೆಯಲು ಮಾರ್ಕರ್ ಬೇಡ, ಪೆನ್ಸಿಲ್ ಇರಲಿ. ಬೆಂಗಳೂರಿನ ಬಿಸಿಲಿಗೆ ಮಾರ್ಕರ್ ಬರಹ ಮಾಸಿಹೋಗುತ್ತದೆ. ಹೆಸರು ಹೋದ ಕಾಯಿ ಸಾರಿಗೆ ಹಾಕಲು ಮಾತ್ರ ಸರಿ.

ಹಂತ 3: ಯಾವಾಗ ಬಿತ್ತಬೇಕು

ಬೆಂಗಳೂರಿನಲ್ಲಿ ಟೊಮೆಟೊ ವರ್ಷಪೂರ್ತಿ ಬದುಕುತ್ತದೆ, ಕ್ರಾಸ್ ಮಾತ್ರ ವರ್ಷಪೂರ್ತಿ ಆಗುವುದಿಲ್ಲ. ಹಗಲು 32–35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಪರಾಗ ಸಾಯುತ್ತದೆ, ಹೂ ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೂ ಬರುವ ಹಾಗೆ ಬಿತ್ತಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆಯಲ್ಲಿ ಪರಾಗ ಒದ್ದೆಯಾಗಿ ಅಂಟಿಕೊಂಡು ಉದುರುವುದೇ ಇಲ್ಲ, ಜೊತೆಗೆ ಅಂಗಮಾರಿ ಕಾಟ.

ಒಳ್ಳೆಯ ಕಾಲ ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತನೆ, ನವೆಂಬರ್ ಡಿಸೆಂಬರ್‌ನಲ್ಲಿ ಹೂ, ಜನವರಿ ಫೆಬ್ರವರಿಯಲ್ಲಿ ಬೀಜ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಬಾಲ್ಕನಿಗೆ ಈ ತಿಂಗಳುಗಳಲ್ಲಿ ಬಿಸಿಲು ಜಾಸ್ತಿ. ಉತ್ತರದ ಬಾಲ್ಕನಿಗೆ ಆಗ ನೇರ ಬಿಸಿಲೇ ಇಲ್ಲ. ಅಂಥವರು ಟಾರಸಿಗೆ ಹೋಗಬೇಕು, ಇಲ್ಲವೇ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಲೈಟನ್ನು ಗಿಡದಿಂದ ಒಂದು ಗೇಣಿನೊಳಗೆ ಕಟ್ಟಿ ದಿನಕ್ಕೆ 14–16 ಗಂಟೆ ಉರಿಸಬೇಕು. ಪುಟಾಣಿ ಗಿಡಕ್ಕೆ ಇದು ಸಾಕಾಗುತ್ತದೆ, ಎತ್ತರದ ಗಿಡಕ್ಕೆ ಸಾಲದು.

ಎರಡು ಗಿಡಗಳ ಹೂ ಒಂದೇ ವಾರದಲ್ಲಿ ಸಿಗಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಪುಟಾಣಿ ತಳಿ ಬಿತ್ತಿದ ಐದಾರು ವಾರಕ್ಕೆ ಹೂ ಬಿಟ್ಟು, ಒಮ್ಮೆಗೇ ಕಾಯಿ ಕಚ್ಚಿ ಮುಗಿಸಿಬಿಡುತ್ತದೆ. ಎತ್ತರದ ತಂದೆಯನ್ನು ಎರಡು ಮೂರು ವಾರ ಮುಂಚೆ ಬಿತ್ತಿ. ತಾಯಿಯನ್ನು ಒಂದೇ ಸಲ ಬಿತ್ತದೆ, ಹತ್ತು ದಿನದ ಅಂತರದಲ್ಲಿ ಎರಡು ಅಥವಾ ಮೂರು ಕಂತು ಮಾಡಿ.

ಹಂತ 4: ಸಸಿ, ಮಣ್ಣು, ಕುಂಡ

ಪ್ರೋಟ್ರೇಯಲ್ಲಿ (ಗುಳಿಗಳಿರುವ ಸಸಿ ಟ್ರೇ) ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ. ಕೋಕೋಪೀಟನ್ನು ಮೊದಲು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಕಡಿಮೆ ದರ್ಜೆಯ ಇಟ್ಟಿಗೆಗಳಲ್ಲಿ ಉಪ್ಪು ಇರುತ್ತದೆ. ಐದರಿಂದ ಎಂಟು ದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆ ಬಂದ ದಿನವೇ ಬೆಳಕಿಗೆ ಇಡಿ. ಒಂದು ದಿನ ತಡವಾದರೂ ಸಸಿ ಬಳುಕಿ ಉದ್ದವಾಗುತ್ತದೆ, ಆಮೇಲೆ ಇದು ಗಿಡ್ಡವೋ ಎತ್ತರವೋ ಅಂತ ಹೇಳುವುದೇ ಕಷ್ಟ.

ಸಸಿಯ ಬುಡ ನೂಲಿನಂತಾಗಿ ಬಾಗಿ ಬಿದ್ದರೆ ಅದು ಕೊಳೆ ರೋಗ. ನೀರು ಜಾಸ್ತಿ ಆಗಿದೆ. ಉಳಿದ ಸಸಿಗಳಿಗೆ ಮೇಲಿಂದ ಚಿಮುಕಿಸುವುದು ನಿಲ್ಲಿಸಿ, ಟ್ರೇಯನ್ನು ತಟ್ಟೆಯ ನೀರಿನಲ್ಲಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ.

ಮೂರು ವಾರದ ಸಸಿಯನ್ನು ಕುಂಡಕ್ಕೆ ಬದಲಿಸಿ. ಪುಟಾಣಿ ಗಿಡಕ್ಕೆ ಆರು ಇಂಚಿನ ಕುಂಡ ಸಾಕು. ಎತ್ತರದ ತಂದೆಗೆ ಕನಿಷ್ಠ ಹನ್ನೆರಡು ಇಂಚು ಬೇಕು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಬರೀ ಕೆಮ್ಮಣ್ಣು ತುಂಬಿದರೆ ಸಣ್ಣ ಕುಂಡದಲ್ಲಿ ಅದು ಗಟ್ಟಿಯಾಗಿ ಬೇರು ಉಸಿರು ಕಟ್ಟುತ್ತದೆ.

ಹಂತ 5: ಹೂ ಬರುವವರೆಗೆ

ನೀರು ಹಾಕುವ ಮುಂಚೆ ಕುಂಡ ಎತ್ತಿ ನೋಡಿ. ಹಗುರಾಗಿದ್ದರೆ ಹಾಕಿ, ಭಾರ ಇದ್ದರೆ ಬೇಡ. ದಿನಕ್ಕೆ ಇಷ್ಟು ಅಂತ ಲೆಕ್ಕ ಇಟ್ಟುಕೊಂಡವರ ಗಿಡವೇ ಜಾಸ್ತಿ ಹಾಳಾಗುವುದು, ಯಾಕೆಂದರೆ ನವೆಂಬರ್‌ನ ಮೋಡದ ದಿನಕ್ಕೂ ಫೆಬ್ರವರಿಯ ಬಿಸಿಲಿಗೂ ಗಿಡ ಕುಡಿಯುವ ನೀರು ಒಂದೇ ಅಲ್ಲ. ಬೋರ್‌ವೆಲ್ ನೀರು ಹಾಕುವವರ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅದು ಕಂಡರೆ ಕಾವೇರಿ ನೀರನ್ನೋ ಮಳೆ ನೀರನ್ನೋ ಧಾರಾಳವಾಗಿ ಹಾಕಿ ಉಪ್ಪು ಕೆಳಗಿನಿಂದ ಹರಿದು ಹೋಗಲು ಬಿಡಿ.

ಮೊಗ್ಗು ಬರುವವರೆಗೆ ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್‌ನ ಪ್ರಮಾಣ) ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಕೊಡಿ. ಮೊಗ್ಗು ಕಂಡ ಮೇಲೆ 13:0:45ಕ್ಕೆ ಬದಲಿಸಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಹೂ ಕಡಿಮೆಯಾಗುತ್ತದೆ.

ಇನ್ನು ಎಲೆ. ಪುಟಾಣಿ ಟೊಮೆಟೊದ ಎಲೆ ಹುಟ್ಟಿನಿಂದಲೇ ಕಡುಹಸಿರು, ದಪ್ಪ, ಇಸ್ತ್ರಿ ಮಾಡದ ಹತ್ತಿ ಬಟ್ಟೆಯ ಹಾಗೆ ಮೈಯೆಲ್ಲ ಸುಕ್ಕು. ಇದನ್ನು ರೋಗ ಅಂದುಕೊಂಡು ಕಿತ್ತೆಸೆದವರು ತುಂಬಾ ಜನ. ನಿಜವಾದ ಎಲೆ ಮುಟುರು ರೋಗ ಬೇರೆ ಥರ ಕಾಣುತ್ತದೆ. ಹಳೆಯ ಎಲೆ ಸರಿ ಇದ್ದು ಹೊಸ ಎಲೆ ಮಾತ್ರ ಚಿಕ್ಕದಾಗಿ, ಅಂಚು ಮೇಲಕ್ಕೆ ಮಡಚಿ, ಅಂಚಿನ ಸುತ್ತ ಹಳದಿಯಾಗುತ್ತದೆ. ಗಿಡದ ತುದಿ ಬೆಳೆಯುವುದು ನಿಲ್ಲುತ್ತದೆ. ಈ ರೋಗ ತರುವ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ, ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್ ಅಂತ. ಅಷ್ಟು ಸಾಮಾನ್ಯ ಇಲ್ಲಿ. ಹರಡುವುದು ಬಿಳಿ ನೊಣ. ಎಲೆಯ ಅಡಿಭಾಗ ನೋಡಿ, ಗಿಡ ಅಲುಗಿಸಿದಾಗ ಬಿಳಿ ಚುಕ್ಕೆಗಳು ಹಾರಿದರೆ ಅದೇ. ಹಳದಿ ಅಂಟು ಹಾಳೆ ತೂಗುಹಾಕಿ, ವಾರಕ್ಕೊಮ್ಮೆ ಸಂಜೆ ಬೇವಿನ ಎಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ಎಲೆಯಡಿಗೆ ಸಿಂಪಡಿಸಿ. ರೋಗ ಬಂದ ಗಿಡಕ್ಕೆ ಮದ್ದಿಲ್ಲ. ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಆಚೆ ಹಾಕಿ, ಮನಸ್ಸಿಗೆ ಕಷ್ಟವಾದರೂ ಅದೊಂದೇ ದಾರಿ.

ಬೀಡಿ ಸಿಗರೇಟ್ ಸೇದುವವರು ಕೈ ತೊಳೆಯದೆ ಗಿಡ ಮುಟ್ಟಬಾರದು. ತಂಬಾಕಿನಿಂದ ಮೊಸಾಯಿಕ್ ವೈರಸ್ ಕೈಯ ಮೂಲಕ ಗಿಡಕ್ಕೆ ಹತ್ತುತ್ತದೆ.

ಹಂತ 6: ಗಂಡು ಭಾಗ ಕೀಳುವುದು

ಸೋಲುವವರು ಸೋಲುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು ಒಂದು ಅರಳಿದ ಹೂ ಕಿತ್ತು ಕೈಯಲ್ಲಿ ಬಿಚ್ಚಿ ನೋಡಿ. ಹಿಂದೆ ಹಸಿರು ಪುಷ್ಪಪತ್ರಗಳು, ಅದರ ಮುಂದೆ ಹಳದಿ ಎಸಳು, ನಡುವೆ ಮೊನಚಾದ ಹಳದಿ ಕೊಳವೆ. ಈ ಕೊಳವೆ ಅಂದರೆ ಒಂದಕ್ಕೊಂದು ಅಂಟಿಕೊಂಡ ಐದಾರು ಪರಾಗಕೋಶಗಳು. ಅದರ ಒಳಗೆ ಹಸಿರು ಕಡ್ಡಿಯೊಂದು ನಿಂತಿದೆ, ಅದೇ ಶಲಾಕೆ, ಅದರ ತುದಿಯ ಗುಂಡನೆಯ ಭಾಗ ಶಲಾಕಾಗ್ರ. ಪರಾಗ ಬೀಳಬೇಕಾದ್ದು ಅದರ ಮೇಲೆ. ಕೊಳವೆ ಒಳಮುಖವಾಗಿ ಬಿರಿಯುವುದರಿಂದ ಪರಾಗ ನೇರ ಅಲ್ಲಿಗೇ ಬೀಳುತ್ತದೆ. ಇಂಥ ಮೂರ್ನಾಲ್ಕು ಹೂ ಬಿಚ್ಚಿ ಕೈ ಪಳಗಿದ ಮೇಲೆ ಕ್ರಾಸಿಗೆ ಕೂರಿ.

ಆರಿಸಬೇಕಾದ್ದು ನಾಳೆ ಅರಳುವ ಮೊಗ್ಗು. ಎಸಳಿನ ತುದಿ ಹಸಿರು ಪುಷ್ಪಪತ್ರಗಳ ನಡುವಿನಿಂದ ಆಚೆ ಬಂದಿರಬೇಕು, ಆದರೆ ಬಿಚ್ಚಿಕೊಂಡಿರಬಾರದು. ಬಣ್ಣ ಬೆಣ್ಣೆ ಹಳದಿ, ಸ್ವಲ್ಪ ಹಸಿರು ಛಾಯೆ. ಒಳಗಿನ ಕೊಳವೆಯೂ ಹಸಿರು ಮಿಶ್ರಿತ ತಿಳಿ ಹಳದಿ ಇರಬೇಕು. ಕೊಳವೆ ಗಾಢ ಹಳದಿಗೆ ತಿರುಗಿದ್ದರೆ ತಡವಾಯಿತು, ಆ ಹೂ ಬಿಡಿ. ತೀರಾ ಎಳೆಯ ಮೊಗ್ಗೂ ಬೇಡ, ಕೀಳುವಾಗ ಶಲಾಕೆ ಮುರಿಯುತ್ತದೆ. ಗೊಂಚಲಿನ ಮೊದಲ ಹೂ ಕೆಲವೊಮ್ಮೆ ಎರಡು ಹೂ ಸೇರಿಕೊಂಡಂತೆ ದಪ್ಪವಾಗಿರುತ್ತದೆ, ಅದನ್ನೂ ಬಿಟ್ಟು ಎರಡನೆಯದೋ ಮೂರನೆಯದೋ ತಗೊಳ್ಳಿ.

ಸಂಜೆ ಹೊತ್ತು ಮಾಡಿ. ಮೊದಲು ಆ ಗೊಂಚಲಿನ ಅರಳಿದ ಹೂ, ಕಚ್ಚಿದ ಕಾಯಿ ಎಲ್ಲ ಕತ್ತರಿಸಿ. ಈಗಾಗಲೇ ಕಾಯಿ ಇದ್ದರೆ ಗಿಡ ನಿಮ್ಮ ಹೂವಿಗೆ ಊಟ ಕೊಡುವುದಿಲ್ಲ. ಎಡಗೈ ಬೆರಳಲ್ಲಿ ಮೊಗ್ಗಿನ ಹಿಂಭಾಗ ಹಿಡಿದು, ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ತೆಗೆಯಿರಿ. ಈಗ ಚಿಮಟದ ಒಂದು ಮೊನೆಯನ್ನು ಕೊಳವೆಯ ಬುಡದ ಹತ್ತಿರ ಎರಡು ಪರಾಗಕೋಶಗಳ ಸಂದಿನಲ್ಲಿ ತೂರಿಸಿ ಮೆಲ್ಲಗೆ ಸೀಳಿ, ಹಿಡಿದು ಹೊರಕ್ಕೆ ಎಳೆಯಿರಿ. ಮೇಲಕ್ಕೆ ಎಳೆದರೆ ಶಲಾಕೆಯೂ ಜೊತೆಗೇ ಬರುತ್ತದೆ, ಪಕ್ಕಕ್ಕೆ ಎಳೆಯಬೇಕು. ಸಾಮಾನ್ಯವಾಗಿ ಅರ್ಧ ಕೊಳವೆ ಒಟ್ಟಿಗೆ ಬರುತ್ತದೆ. ಉಳಿದದ್ದನ್ನು ಇನ್ನೊಂದು ಕಡೆಯಿಂದ ತೆಗೆಯಿರಿ. ಭೂತಗನ್ನಡಿಯಲ್ಲಿ ಸುತ್ತ ನೋಡಿ, ಒಂದೇ ಒಂದು ಹಳದಿ ಚೂರೂ ಉಳಿದಿರಬಾರದು. ಸಾಸಿವೆಯಷ್ಟು ಚೂರು ಉಳಿದರೂ ಇಡೀ ಕಾಯಿಗೆ ಸಾಲುವಷ್ಟು ಪರಾಗ ಅದರಲ್ಲಿರುತ್ತದೆ.

ಕೊನೆಗೆ ಕಾಣಬೇಕಾದ್ದು ಹಸಿರು ಗುಂಡು, ಅದರ ಮೇಲೆ ನೆಟ್ಟಗೆ ನಿಂತ ತೆಳು ಹಸಿರು ಕಡ್ಡಿ. ಕಡ್ಡಿ ಬಾಗಿದ್ದರೆ, ಗೀಚಿದ್ದರೆ, ಆ ಹೂ ಕತ್ತರಿಸಿ ಬೇರೆ ಆರಿಸಿ. ಎರಡು ಹೂಗಳ ನಡುವೆ ಚಿಮಟಕ್ಕೆ ಸ್ಯಾನಿಟೈಸರ್ ಒರೆಸಿ, ಒಣಗಲು ಬಿಡಿ.

ಹೂವಿಗೆ ಜಾಲರಿ ಚೀಲ ಕಟ್ಟಿ. ನಮ್ಮಲ್ಲಿ ನೀಲಿ ಪಟ್ಟೆಯ ಒಂದು ದುಂಬಿಯಂಥ ಜೇನುನೊಣ ಇದೆ, ಹೂ ಹಿಡಿದು ಗುಂಯ್ ಅಂತ ಅಲುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಟೊಮೆಟೊ ಹೂವೆಂದರೆ ಅದಕ್ಕೆ ಪ್ರೀತಿ. ಎಸಳಿಲ್ಲದ ಹೂವಿಗೆ ಬರುವುದು ಕಡಿಮೆ, ಆದರೂ ಚೀಲ ಇದ್ದರೆ ಅನುಮಾನ ಇರುವುದಿಲ್ಲ.

ಈ ಹಂತದಲ್ಲಿ ಪರೀಕ್ಷೆ ಹೂ ಒಂದನ್ನು ಬಿಡಲೇಬೇಕು. ಒಂದೆರಡು ಹೂಗಳ ಗಂಡು ಭಾಗ ಕಿತ್ತು, ಯಾವ ಪರಾಗವನ್ನೂ ಹಾಕದೆ ಚೀಲ ಕಟ್ಟಿ ಹಾಗೇ ಬಿಡಿ. ಅವು ಉದುರಿದರೆ ನಿಮ್ಮ ಕೈ ಸರಿಯಿದೆ. ಕಾಯಿ ಕಚ್ಚಿ ಒಳಗೆ ಬೀಜ ಇದ್ದರೆ ನೀವು ತಡವಾಗಿ ಕೀಳುತ್ತಿದ್ದೀರಿ, ಇನ್ನೂ ಎಳೆಯ ಮೊಗ್ಗು ಆರಿಸಬೇಕು. ತಿಂಗಳುಗಟ್ಟಲೆ ಶ್ರಮ ಉಳಿಸುವ ಕೆಲಸ ಇದು, ಬಹಳ ಜನ ಮಾಡದೇ ಬಿಡುವುದೂ ಇದನ್ನೇ.

ಹಂತ 7: ಪರಾಗ ಹಿಡಿಯುವುದು

ಮಾರನೇ ದಿನ ಬಿಸಿಲು ಬಂದ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ತಂದೆ ಗಿಡದ ಪೂರ್ತಿ ಅರಳಿದ ಹೂ ನೋಡಿ. ಎಸಳು ಹಿಂದಕ್ಕೆ ಬಾಗಿರಬೇಕು, ಕೊಳವೆ ಗಾಢ ಹಳದಿ ಇರಬೇಕು. ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು, ಟೂತ್‌ಬ್ರಷ್ಷಿನ ಹಿಂಭಾಗವನ್ನು ಹೂವಿನ ತೊಟ್ಟಿಗೆ ತಾಗಿಸಿ. ಬಿಳಿಯ ನವಿರು ಪುಡಿ ಉದುರುತ್ತದೆ. ಅದೇ ಪರಾಗ.

ಮೋಡ ಇದ್ದು ಉದುರದಿದ್ದರೆ ಐದಾರು ಹೂಗಳ ಕೊಳವೆಗಳನ್ನು ಕಿತ್ತು ಕಾಗದದ ಮೇಲೆ ಟೇಬಲ್ ಲೈಟಿನ ಕೆಳಗೆ, ಬಿಸಿ ತಾಗದಷ್ಟು ದೂರದಲ್ಲಿ, ಒಂದು ರಾತ್ರಿ ಒಣಗಿಸಿ. ಬೆಳಿಗ್ಗೆ ಡಬ್ಬಿಯಲ್ಲಿ ಹಾಕಿ ಕುಲುಕಿ. ಉಳಿದ ಪರಾಗವನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟರೆ ಕೆಲವು ದಿನ ಬಳಸಬಹುದು. ಹೊರಗೆ ತೆಗೆದಾಗ ಡಬ್ಬಿ ಬೆವರಲು ಬಿಡಬೇಡಿ, ತಂಪು ಬಿಡುವವರೆಗೆ ಮುಚ್ಚಳ ತೆರೆಯಬಾರದು.

ಹಂತ 8: ಮುಟ್ಟಿಸುವುದು, ಗುರುತು ಹಾಕುವುದು

ಬ್ರಷ್ ಬೇಡ, ಅರ್ಧ ಪರಾಗ ಕೂದಲಿಗೇ ಅಂಟುತ್ತದೆ. ಡಬ್ಬಿಯ ಪರಾಗವನ್ನು ಬೆರಳ ತುದಿಯಲ್ಲೋ ಉಗುರಿನ ಮೇಲೋ ತಗೊಂಡು, ಶಲಾಕಾಗ್ರವನ್ನು ಅದರಲ್ಲಿ ಅದ್ದಿ. ತುದಿ ಬೆಳ್ಳಗೆ ಕಾಣಬೇಕು. ಮಾರನೇ ದಿನ ಅದೇ ಹೊತ್ತಿಗೆ ಇನ್ನೊಮ್ಮೆ ಮಾಡಿ. ಒಂದು ಗಿಡದಲ್ಲಿ ಮೂರ್ನಾಲ್ಕು ಹೂವಿಗಿಂತ ಜಾಸ್ತಿ ಬೇಡ.

ಪುಷ್ಪಪತ್ರಗಳ ತುದಿಯನ್ನು ಕತ್ತರಿಯಲ್ಲಿ ಅರ್ಧಕ್ಕೆ ಕತ್ತರಿಸಿ. ಗುರುತಿಗೆ ಕಟ್ಟಿದ ಬಣ್ಣದ ದಾರ ಬಿಚ್ಚಿಹೋದರೂ, ಹೆಸರಿನ ಚೀಟಿ ಬಿದ್ದುಹೋದರೂ, ಹಣ್ಣಿನ ತಲೆಯ ಮೇಲೆ ಮೊಟಕಾದ ಹಸಿರು ಎಲೆ ಇದ್ದರೆ ಇದೇ ಕ್ರಾಸಿನ ಹಣ್ಣು ಅಂತ ತಿಳಿಯುತ್ತದೆ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ಆಮೇಲೆ ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು, ತಾರೀಖು. ಈ ಕ್ರಮ ಯಾವತ್ತೂ ಬದಲಾಯಿಸಬೇಡಿ.

ಹಂತ 9: ಆಯಿತಾ ಇಲ್ಲವಾ?

ಹೂವಿನ ತೊಟ್ಟಿನ ಮಧ್ಯದಲ್ಲಿ ಒಂದು ಗಂಟು ಇರುತ್ತದೆ, ಅದನ್ನೇ ನೋಡುತ್ತಿರಿ. ಮೂರರಿಂದ ಐದು ದಿನದೊಳಗೆ ಆ ಗಂಟು ಹಳದಿಯಾದರೆ ಹೂ ಅಲ್ಲಿಂದಲೇ ಕಳಚಿ ಬೀಳುತ್ತದೆ. ಕ್ರಾಸ್ ಆಗಿಲ್ಲ. ಗಂಟು ಹಸಿರಾಗೇ ಇದ್ದು, ವಾರದೊಳಗೆ ಹಸಿರು ಗುಂಡು ಉಬ್ಬಿದರೆ ಕಚ್ಚಿದೆ. ಆಗ ಚೀಲ ತೆಗೆಯಬಹುದು. ಹೂಗಳೆಲ್ಲ ಉದುರುತ್ತಿದ್ದರೆ ಮೂರು ಅನುಮಾನ ಪಡಿ: ಶಲಾಕೆಗೆ ಪೆಟ್ಟು, ಸತ್ತ ಪರಾಗ, ಸೆಕೆ. ತಂದೆ ಗಿಡದಲ್ಲಿ ತಾನಾಗಿ ಕಾಯಿ ಕಚ್ಚುತ್ತಿದೆಯಾ ನೋಡಿ. ಅಲ್ಲೂ ಉದುರುತ್ತಿದ್ದರೆ ತಪ್ಪು ನಿಮ್ಮ ಕೈಯದಲ್ಲ, ಹವೆಯದು.

ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಗಾಬರಿ ಬೇಡ. ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆಗಿ ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. ನೀರು ಸಮವಾಗಿ ಕೊಡಿ. ಕೊಳೆ ಒಳಗೆ ಹೋಗಿರದಿದ್ದರೆ ಬೀಜ ಚೆನ್ನಾಗೇ ಇರುತ್ತದೆ.

ಹಂತ 10: ಬೀಜ ತೆಗೆಯುವುದು

ಪರಾಗ ಮುಟ್ಟಿಸಿದ ಆರೇಳು ವಾರಕ್ಕೆ ಹಣ್ಣಾಗುತ್ತದೆ. ಬಣ್ಣ ಬಂದ ಕೂಡಲೇ ಕೀಳಬೇಡಿ, ಮೆತ್ತಗಾಗುವವರೆಗೆ ಗಿಡದಲ್ಲೇ ಇರಲಿ. ಅಳಿಲು, ಹಕ್ಕಿಗಳ ಕಾಟ ಇದ್ದರೆ ಮಾತ್ರ ಮತ್ತೆ ಚೀಲ ಕಟ್ಟಿ.

ಹಣ್ಣು ಹಿಂಡಿ, ತಿರುಳು ಸಮೇತ ಬೀಜವನ್ನು ಲೋಟದಲ್ಲಿ ಹಾಕಿ ಒಂದು ಚಮಚ ನೀರು ಸೇರಿಸಿ ಎರಡು ದಿನ ಹುಳಿ ಬರಿಸಿ. ಬೀಜದ ಸುತ್ತಲಿನ ಲೋಳೆ ಕರಗಿ ಬೀಜ ತಳ ಸೇರುತ್ತದೆ. ಮೂರನೇ ದಿನಕ್ಕೆ ಬಿಟ್ಟರೆ ಬೆಂಗಳೂರಿನ ಬೇಸಿಗೆಯಲ್ಲಿ ಲೋಟದೊಳಗೇ ಮೊಳಕೆ ಒಡೆಯಬಹುದು. ಟೀ ಸೋಸುವ ಜರಡಿಯಲ್ಲಿ ತೊಳೆದು ಸ್ಟೀಲ್ ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಪೇಪರಿನ ಮೇಲೆ ಬೇಡ, ಅಂಟಿಕೊಂಡು ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಕೈಯಿಂದ ಮಾಡಿದ ಹಣ್ಣಿನಲ್ಲಿ ಬೀಜ ಕಡಿಮೆ ಇರುತ್ತದೆ. ಹತ್ತು ಸಿಕ್ಕರೂ ಸಾಕು.

ಹಂತ 11: ಮೊದಲ ತಲೆಮಾರು

ಇದನ್ನು ಎಫ್‌1 ಅನ್ನುತ್ತಾರೆ. ಆರು ಬೀಜ ಬಿತ್ತಿ, ಪಕ್ಕದಲ್ಲಿ ತಾಯಿ ತಳಿಯ ಎರಡು ಬೀಜವನ್ನೂ ಹೋಲಿಕೆಗೆ ಹಾಕಿ. ಗಿಡ್ಡ ತಾಯಿ, ಎತ್ತರದ ತಂದೆ ಆಗಿದ್ದರೆ ಮೂರನೇ ವಾರಕ್ಕೆ ಉತ್ತರ ಸಿಗುತ್ತದೆ: ತಾಯಿಯಂತೆ ಸುಕ್ಕೆಲೆಯ ಕುಳ್ಳ ಸಸಿ ಬಂದರೆ ಅದು ಕ್ರಾಸ್ ಅಲ್ಲ, ತೆಗೆದುಹಾಕಿ. ಅಪ್ಪ ಅಮ್ಮ ಎರಡೂ ಸ್ಥಿರ ತಳಿಗಳಾಗಿದ್ದರೆ ನಿಜವಾದ ಎಫ್‌1 ಗಿಡಗಳೆಲ್ಲ ಒಂದೇ ಥರ ಇರುತ್ತವೆ, ಆದ್ದರಿಂದ ಒಂದೋ ಎರಡೋ ಬೆಳೆಸಿದರೆ ಸಾಕು. ಎಲ್ಲ ಎತ್ತರ ಬಂತು ಅಂತ ಬೇಜಾರಾಗಿ ಇಲ್ಲೇ ಕೈಬಿಡುವವರಿದ್ದಾರೆ. ಗಿಡ್ಡತನ ಎಲ್ಲೂ ಹೋಗಿಲ್ಲ, ಒಳಗೆ ಅಡಗಿದೆ. ಈ ಗಿಡದ ಹೂ ತಾನಾಗಿ ಕಾಯಿ ಕಚ್ಚಲಿ, ಬೀಜ ಜಾಸ್ತಿ ಇಟ್ಟುಕೊಳ್ಳಿ.

ಹಂತ 12: ಎರಡನೇ ತಲೆಮಾರು, ಜಾಗದ ಲೆಕ್ಕ

ಗುಣಗಳು ಬೇರೆ ಬೇರೆಯಾಗಿ ಹಂಚಿಹೋಗುವುದು ಎಫ್‌2ನಲ್ಲಿ. ಒಂದು ದುರ್ಬಲ ಗುಣ ನಾಲ್ಕರಲ್ಲಿ ಒಂದು ಗಿಡಕ್ಕೆ ಬರುತ್ತದೆ. ಎರಡು ದುರ್ಬಲ ಗುಣ ಒಟ್ಟಿಗೆ ಬೇಕೆಂದರೆ 16ರಲ್ಲಿ ಒಂದು. ಮೂರಾದರೆ 64ರಲ್ಲಿ ಒಂದು. ಹಾಗಂತ 16 ಬಿತ್ತಿದರೆ ಒಂದು ಸಿಕ್ಕೇ ಸಿಗುತ್ತದೆ ಅಂತ ಅಲ್ಲ. ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 95 ಆಗಬೇಕಾದರೆ ಒಂದು ಗುಣಕ್ಕೆ 11 ಗಿಡ, ಎರಡಕ್ಕೆ 47, ಮೂರಕ್ಕೆ 190ರ ಹತ್ತಿರ ಬೇಕು. ಐದಾರು ಬೀಜ ಬಿತ್ತಿ ಏನೂ ಬರಲಿಲ್ಲ ಅನ್ನುವವರ ತೊಂದರೆ ಈ ಲೆಕ್ಕದಲ್ಲೇ ಇದೆ.

ಬಾಲ್ಕನಿಯಲ್ಲಿ ಇಷ್ಟಕ್ಕೆ ಜಾಗ ಎಲ್ಲಿ ಅಲ್ವಾ? ಅದಕ್ಕೆ ಸಸಿಯಲ್ಲೇ ಆರಿಸಬೇಕು. ಐವತ್ತು ಬೀಜವನ್ನು ಒಂದೇ ಪ್ರೋಟ್ರೇಯಲ್ಲಿ ಹಾಕಿ, ಎರಡು ಮೂರು ನಿಜ ಎಲೆ ಬಂದಾಗ ಸುಕ್ಕೆಲೆಯ ಕುಳ್ಳ ಸಸಿಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಹನ್ನೆರಡರ ಆಸುಪಾಸು ಉಳಿಯುತ್ತವೆ. ಅಷ್ಟನ್ನು ಆರು ಇಂಚಿನ ಕುಂಡದಲ್ಲಿ ಬೆಳೆಸಬಹುದು. ಬೆಳವಣಿಗೆ ನಿಲ್ಲಿಸುವ ಗುಣ ಸಸಿಯಲ್ಲಿ ಕಾಣುವುದಿಲ್ಲ, ಹೂ ಬಂದ ಮೇಲೆ ಆ ಹನ್ನೆರಡರಲ್ಲಿ ಎರಡು ಮೂರು ಸಿಗಬಹುದು.

ಅಷ್ಟೂ ಜಾಗ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಎಫ್‌1 ಗಿಡದ ಪರಾಗವನ್ನು ಮತ್ತೆ ಪುಟಾಣಿ ತಾಯಿಗೇ ಹಾಕಿ. ಆಗ ಎರಡು ದುರ್ಬಲ ಗುಣ ನಾಲ್ಕರಲ್ಲಿ ಒಂದಕ್ಕೆ, ಮೂರು ಗುಣ ಎಂಟರಲ್ಲಿ ಒಂದಕ್ಕೆ ಸಿಗುತ್ತದೆ, 23 ಸಸಿ ಸಾಕು. ನಷ್ಟವೂ ಇದೆ, ತಂದೆಯಿಂದ ಬಂದದ್ದರಲ್ಲಿ ಅರ್ಧ ಕಳೆದುಹೋಗುತ್ತದೆ. ದೊಡ್ಡ ಹಣ್ಣಿಗಾಗಿ ಕ್ರಾಸ್ ಮಾಡಿದ್ದರೆ ಇದು ಬೇಡ. ಬಣ್ಣಕ್ಕೋ ರುಚಿಗೋ ಆಗಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಹಂತ 13: ತಳಿ ಸ್ಥಿರ ಮಾಡುವುದು

ಆರಿಸಿದ ಎಫ್‌2 ಗಿಡ ಚೆಂದ ಇದ್ದ ಮಾತ್ರಕ್ಕೆ ಅದರ ಮಕ್ಕಳೂ ಹಾಗೇ ಇರುವುದಿಲ್ಲ. ಪ್ರತಿ ತಲೆಮಾರಿಗೆ ಒಳಗಿನ ಮಿಶ್ರಣ ಅರ್ಧಕ್ಕೆ ಇಳಿಯುತ್ತದೆ: ಎಫ್‌2ನಲ್ಲಿ ನೂರಕ್ಕೆ 50, ಎಫ್‌3ರಲ್ಲಿ 25, ಎಫ್‌4ರಲ್ಲಿ 12.5, ಎಫ್‌6ರ ಹೊತ್ತಿಗೆ ಸುಮಾರು 3. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ತಲೆಮಾರು ಆರಾಮಾಗಿ ಆಗುತ್ತದೆ, ಲೈಟಿನ ಕೆಳಗೆ ಮಾಡುವವರಿಗೆ ಮೂರು.

ಪ್ರತಿ ಸಲ ಒಂದೇ ಗಿಡದ ಬೀಜ ಒಂದು ಪೊಟ್ಟಣಕ್ಕೆ. ನಾಲ್ಕಾರು ಒಳ್ಳೆಯ ಗಿಡಗಳ ಬೀಜ ಸುಮ್ನೆ ಒಟ್ಟಿಗೆ ಬೆರೆಸಿದರೆ ಹಿಂದಿನ ಆಯ್ಕೆಯೆಲ್ಲ ನೀರಲ್ಲಿ ಹೋಮ. ಆರಿಸುವಾಗ ಗಿಡದ ಎತ್ತರ, ರುಚಿ ಮಾತ್ರ ನೋಡಬೇಡಿ. ಮುಟುರು ರೋಗ ಪಕ್ಕದ ಗಿಡಕ್ಕೆ ಬಂದು ಇದಕ್ಕೆ ಬರಲಿಲ್ಲವಾ, ಮಾರ್ಚಿನ ಬಿಸಿಲಲ್ಲೂ ಕಾಯಿ ಕಚ್ಚಿತಾ, ಸಿಪ್ಪೆ ಬಿರಿಯಿತಾ, ಇವನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ. ನಮ್ಮ ಬಾಲ್ಕನಿಗೆ ಹೊಂದುವ ಗಿಡ ಬೇಕಾದರೆ ನಮ್ಮ ಬಾಲ್ಕನಿಯ ಕಷ್ಟದಲ್ಲೇ ಅದು ಗೆಲ್ಲಬೇಕು.

ಎಫ್‌6 ಬಂದ ಮೇಲೆ ಒಂದೇ ಹಣ್ಣಿನ ಎಂಟು ಬೀಜ ಬಿತ್ತಿ ನೋಡಿ. ಎಂಟೂ ಎತ್ತರ, ಎಲೆ, ಹಣ್ಣಿನ ಬಣ್ಣ, ಆಕಾರದಲ್ಲಿ ಒಂದೇ ಥರ ಇದ್ದರೆ ಆ ತಳಿಗೆ ನೀವು ಹೆಸರಿಟ್ಟು ಸ್ನೇಹಿತರಿಗೆ ಬೀಜ ಹಂಚಬಹುದು. ಒಂದೆರಡು ಬೇರೆಯಾಗಿ ಕಂಡರೆ ಅವುಗಳ ಬೀಜ ಇಡಬೇಡಿ, ಉಳಿದವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಇನ್ನೊಂದು ತಲೆಮಾರು ಮುಂದುವರಿಸಿ.